ಸೇತುವೆಗಾಗಿ ಪಕ್ಷ ಬಿಟ್ಟ ಮಿಲಾ

ಅರ್ಜಿ ತುಂಬಲು ಕುಳಿತ ಮಿಲಾ ಹ್ರಿಂಕೊ ಮತ್ತೆ ಎದ್ದು, ಗಂಡನ ಫೋಟೋವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದಳು. ಮೈಕೊ ಕಲ್ಲಿದ್ದಲು ಗಣಿಯಲ್ಲಿ ಮೂವತ್ತೊಂದು ವರ್ಷ ದುಡಿದವನು, ಕಾರ್ಮಿಕ ಸಂಘದ ಟೋಪಿಯ ಸಮೇತ ಮಣ್ಣಾದವನು. ಅವನು ನೋಡುತ್ತಿರುವಾಗ ‘ರಿಪಬ್ಲಿಕನ್’ ಎಂಬ ಚೌಕದಲ್ಲಿ ಗುರುತು ಹಾಕಲು ಅವಳಿಗೆ ಕೈ ಬರಲಿಲ್ಲ.

“ಬರೀ ಎರಡು ತಿಂಗಳು ಕಣೋ,” ಎಂದಳು ಫೋಟೋದ ಬೆನ್ನಿಗೆ. “ಸೇತುವೆ ಉಳೀಲಿ, ವಾಪಸ್ ಬಂದ್ಬಿಡ್ತೀನಿ.”

ಹಳ್ಳದ ಆಚೆ ಚರ್ಚು. ಅದರ ನೆಲಮಾಳಿಗೆಯಲ್ಲಿ ಗುರುವಾರ ಗುರುವಾರ ಹೆಂಗಸರು ಸೇರಿ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಮಾಡಿ ಮಾರುತ್ತಾರೆ. ಗಂಡ ಹೋದ ಮೇಲೆ ಮಿಲಾ ನಾಲ್ಕು ಮಾತಾಡುವುದು, ನಗುವುದು ಅಲ್ಲಿಯೇ. ವಯಸ್ಸು ಎಪ್ಪತ್ತೊಂದು, ಕಾರು ಓಡಿಸಲು ಬರದು. ಸೇತುವೆಯ ಮೇಲೆ ನಡೆದರೆ ಹತ್ತು ನಿಮಿಷ. ಸುತ್ತಿ ಹೋದರೆ ಹನ್ನೊಂದು ಮೈಲಿ. ಅಂಥ ಸೇತುವೆಗೆ ಗೇಟು ಹಾಕಿ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಗಳ ಸಂಘದವರಿಗೆ ಕೊಟ್ಟುಬಿಡುತ್ತೇನೆ ಎಂದು ಊರಿನ ಮೇಲ್ವಿಚಾರಕ ಹೋಸ್ಟೆಟರ್ ಹೊರಟಿದ್ದ. ಆ ಸಂಘದಲ್ಲಿ ನಲವತ್ತು ಜನ. ಎಲ್ಲರಿಗೂ ಒಂದೇ ಬಣ್ಣದ ಜಾಕೆಟ್ಟು. ಪ್ರತಿ ಸಭೆಗೂ ಬಂದು ಮೊದಲ ಸಾಲಿನಲ್ಲಿ ಕೂರುತ್ತಾರೆ, ಮತವನ್ನೂ ಹಾಗೇ ಒಟ್ಟಾಗಿ ಹಾಕುತ್ತಾರೆ. ಸೇತುವೆಯ ಮೇಲೆ ನಡೆಯುವವರದ್ದೊಂದು ಸಂಘ ಇರಲಿಲ್ಲ.

ಹೋಸ್ಟೆಟರ್‌ನ ಎದುರು ಚುನಾವಣೆಗೆ ನಿಂತವನು ಮರ್ಲ್, ರಸ್ತೆಯ ಹಿಮ ಬಳಿಯುವ ಲಾರಿಯ ಡ್ರೈವರ್. ಸೇತುವೆ ಮುಚ್ಚಲು ಬಿಡುವುದಿಲ್ಲ ಎಂದು ಮನೆಮನೆಗೆ ಹೇಳಿದ್ದ. ಆದರೆ ಅವನೂ ರಿಪಬ್ಲಿಕನ್. ಗಣಿಗಳು ಮುಚ್ಚಿದ ಮೇಲೆ ಆ ಊರಲ್ಲಿ ಡೆಮಾಕ್ರಟ್ ಪಕ್ಷದಿಂದ ಆ ಜಾಗಕ್ಕೆ ನಿಂತವರೇ ಇಲ್ಲ. ಮೇ ತಿಂಗಳಲ್ಲಿ ರಿಪಬ್ಲಿಕನ್ನರ ಒಳಚುನಾವಣೆಯಲ್ಲಿ ಗೆದ್ದವನೇ ಗೆದ್ದಂತೆ. ಅದರಲ್ಲಿ ಮತ ಹಾಕಲು ಆ ಪಕ್ಷದ ಪಟ್ಟಿಯಲ್ಲಿ ಹೆಸರಿರಬೇಕು. ಡೆಮಾಕ್ರಟರ ಒಳಚುನಾವಣೆಯೂ ಅದೇ ದಿನ, ಅದೇ ಕಡೆ, ಬೇರೆ ಮತಪತ್ರದಲ್ಲಿ.

ಮಿಲಾಳ ಹೆಸರು ಬರೀ ಡೆಮಾಕ್ರಟ್ ಪಟ್ಟಿಯಲ್ಲಿದ್ದದ್ದಲ್ಲ. ಇಪ್ಪತ್ತಾರು ವರ್ಷದಿಂದ ಅವಳೇ ಆ ಪಕ್ಷದ ಸ್ಥಳೀಯ ಸಮಿತಿ ಸದಸ್ಯೆ. ಬೇರೆ ಯಾರೂ ನಿಲ್ಲುತ್ತಿರಲಿಲ್ಲ. ಅವಳ ಓಣಿಯ ಹನ್ನೊಂದು ಡೆಮಾಕ್ರಟರು ಒಳಚುನಾವಣೆಯ ಮತಪತ್ರದಲ್ಲಿ ಖಾಲಿ ಗೆರೆಯ ಮೇಲೆ ಅವಳ ಹೆಸರು ಬರೆದು ಗೆಲ್ಲಿಸುತ್ತಿದ್ದರು. ಈ ಸಲ ಅವರನ್ನೆಲ್ಲ ಕಂಡು, ‘ನನ್ನ ಹೆಸರು ಬರೆಯಬೇಡಿ, ಗೆರೆ ಖಾಲಿ ಬಿಡಿ, ಮಂಡಿನೋವು’ ಎಂದು ಹೇಳಿ ಬಂದಳು. ಜಾಗ ಖಾಲಿ ಉಳಿದರೆ ಜೂನ್‌ನಲ್ಲಿ ಪಕ್ಷಕ್ಕೆ ಮರಳಿ, ಜಿಲ್ಲಾ ಮುಖಂಡರಿಗೆ ಹೇಳಿ ಮತ್ತೆ ಕೂರಬಹುದೆಂಬುದು ಅವಳ ಲೆಕ್ಕ. ಮಂಡಿನೋವನ್ನು ಎಲ್ಲರೂ ಯಾಕೆ ಅಷ್ಟು ಬೇಗ ಒಪ್ಪಿಕೊಂಡರೆಂದು ಅವಳಿಗೆ ಹೊಳೆಯಲಿಲ್ಲ.

ಅರ್ಜಿ ಹೋದ ಎರಡೇ ವಾರಕ್ಕೆ ಅಂಚೆಪೆಟ್ಟಿಗೆ ತುಂಬತೊಡಗಿತು. ಬಂದೂಕು ಹಕ್ಕಿನ ಸಂಘ ಅವಳನ್ನು ‘ಪ್ರಿಯ ದೇಶಭಕ್ತ ಸೋದರಿ’ ಎಂದು ಕರೆಯಿತು. ತೆರಿಗೆ ವಿರೋಧಿ ಸಂಘ ಪ್ರಶ್ನೆಗಳ ಹಾಳೆ ಕಳಿಸಿತು. ‘ಹೌದು’ ಎಂಬಲ್ಲಿ ದೊಡ್ಡ ಚೌಕ, ‘ಇಲ್ಲ’ ಎಂಬಲ್ಲಿ ಸಣ್ಣದು. ಎಲ್ಲವನ್ನೂ ಅವಳು ಫ್ರೀಜರಿನಲ್ಲಿ ಪಿರೋಗಿಯ ಚೀಲಗಳ ಕೆಳಗೆ ಬಚ್ಚಿಟ್ಟಳು. ಪಕ್ಕದ ಮನೆಯ ಕ್ಲೈಡ್ ನೋಡಿಬಿಟ್ಟರೆ ಮುಗಿಯಿತು. ಓಣಿಯಲ್ಲಿ ಇದ್ದವನು ಅವನೊಬ್ಬನೇ ರಿಪಬ್ಲಿಕನ್. ನಲವತ್ತು ವರ್ಷದಿಂದ ಬೇಲಿಯ ಮೇಲಿಂದ ಅವಳ ಪಕ್ಷವನ್ನು ಆಡಿಕೊಂಡವನು. ಆದರೆ ಈಚೆಗೆ ಅವನೂ ಅಂಚೆ ಗಾಡಿ ತಿರುವಿನಲ್ಲಿ ಕಾಣುತ್ತಲೇ ಓಡಿಬಂದು, ಕಾಗದಗಳನ್ನು ಕೋಟಿನೊಳಗೆ ತುರುಕಿಕೊಂಡು ಹೋಗುತ್ತಿದ್ದ. ಪಾಪ, ಡಾಕ್ಟರ ಕಡೆಯಿಂದ ಏನೋ ಕೆಟ್ಟ ಸುದ್ದಿ ಇರಬೇಕೆಂದು ಮಿಲಾ ಮರುಗಿದಳು.

ಮರ್ಲ್‌ನ ಹೆಸರಿನ ಫಲಕವನ್ನು ಮಾತ್ರ ಅವಳು ಧೈರ್ಯವಾಗಿ ಅಂಗಳದಲ್ಲಿ ನೆಟ್ಟಿದ್ದಳು. ಅದರ ಮೇಲೆ ಪಕ್ಷದ ಹೆಸರಿರಲಿಲ್ಲ. ಕ್ಲೈಡ್ ಅದನ್ನು ಬಹಳ ಹೊತ್ತು ನೋಡಿದ್ದ, ಏನೂ ಕೇಳಿರಲಿಲ್ಲ.

ಮತದಾನದ ದಿನ ಮಧ್ಯಾಹ್ನ ಎರಡು ಗಂಟೆಗೆ ಮತಗಟ್ಟೆಯಾಗಿದ್ದ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲವೆಂದು ಮಿಲಾಳಿಗೆ ಗೊತ್ತಿತ್ತು. ಆ ಹೊತ್ತಿಗೇ ಹೋದಳು. ಬಾಗಿಲು ತೆರೆದರೆ ಓಣಿಯ ಹನ್ನೊಂದೂ ಜನ ಸಾಲಿನಲ್ಲಿ ನಿಂತಿದ್ದಾರೆ.

“ನಾವು ಹಣ್ಣಿನ ಪೈ ತಗೊಳ್ಳೋಕೆ ಬಂದ್ವಿ,” ಎಂದಳು ಮುಂದಿದ್ದ ಸ್ಟೆಲ್ಲಾ, ಯಾರೂ ಕೇಳದಿದ್ದರೂ.

“ಪೈ ಮಾರೋ ಮೇಜು ಆ ಮೂಲೇಲಿದೆಯಲ್ಲೇ,” ಎಂದಳು ಮಿಲಾ.

“ಇದೂ ಸಾಲೇ ಅಲ್ವಾ?”

ಪಟ್ಟಿ ಹಿಡಿದು ಕುಳಿತಿದ್ದ ಹುಡುಗಿ ಡಾರ್ಲಾ. ಪಕ್ಷಗಳ ವೀಕ್ಷಕರಿಗೆ ಕೇಳುವಂತೆ ಹೆಸರನ್ನೂ ಪಕ್ಷವನ್ನೂ ಗಟ್ಟಿಯಾಗಿ ಓದುವುದು ಅವಳ ಕೆಲಸ. “ಸ್ಟೆಲ್ಲಾ ಯಾನೆಕ್, ರಿಪಬ್ಲಿಕನ್!” ಎಂದಳು. ಸ್ಟೆಲ್ಲಾ ನೆಲ ನೋಡಿದಳು. ಆಮೇಲೆ ಅವಳ ಗಂಡ, ರಿಪಬ್ಲಿಕನ್. ಅವನ ಅಣ್ಣ, ರಿಪಬ್ಲಿಕನ್. ಹನ್ನೊಂದನೆಯವರ ಹೊತ್ತಿಗೆ ಸಾಲಿನಲ್ಲಿ ನಗು ತಡೆಯಲಾಗದೆ ಒಬ್ಬೊಬ್ಬರೂ ಕೆಮ್ಮುತ್ತಿದ್ದರು.

“ಮಿಸೆಸ್ ಹ್ರಿಂಕೊ, ನೀವೂನಾ?”

“ಮೆಲ್ಲಗೆ ಓದಮ್ಮ.”

“ಆಗಲ್ಲ, ರೂಲ್ಸು. ಲುಡ್ಮಿಲಾ ಹ್ರಿಂಕೊ, ರಿಪಬ್ಲಿಕನ್!”

ಅಷ್ಟರಲ್ಲಿ ಬಾಗಿಲಲ್ಲಿ ಕ್ಲೈಡ್ ಕಾಣಿಸಿದ. ಸಭಾಂಗಣ ಖಾಲಿ ಇರುತ್ತದೆಂದು ಅವನೂ ಎರಡು ಗಂಟೆಗೇ ಬಂದಿದ್ದ. ಜನ ತುಂಬಿದ್ದನ್ನು ಕಂಡು ತಿರುಗಿ ಹೋಗಲು ನೋಡಿದ, ಡಾರ್ಲಾ ಬಿಡಲಿಲ್ಲ.

“ಕ್ಲೈಡ್ ಅಂಬ್ರೋಸ್...” ಎಂದವಳು ಪುಟದ ಮೇಲೆ ಬೆರಳಿಟ್ಟು ಇನ್ನೊಮ್ಮೆ ನೋಡಿದಳು. “ಡೆಮಾಕ್ರಟ್?”

ಕೆಮ್ಮು ನಿಂತಿತು. ಕ್ಲೈಡ್ ಯಾರ ಮುಖವನ್ನೂ ನೋಡದೆ ಮತಪತ್ರ ತೆಗೆದುಕೊಂಡು ಮರೆಗೆ ಹೋದ. ಅರ್ಧ ನಿಮಿಷಕ್ಕೆ ಅಲ್ಲಿಂದ ಕೂಗು ಬಂತು.

“ಇದರಲ್ಲಿ ಮರ್ಲ್ ಹೆಸರೇ ಇಲ್ವಲ್ಲ!”

“ಅವನು ರಿಪಬ್ಲಿಕನ್ ಕಣೋ!” ಎಂದಳು ಮಿಲಾ.

“ಮತ್ತೆ ನಿನ್ನ ಅಂಗಳದಲ್ಲಿ ಅವನ ಫಲಕ ಯಾಕಿದೆ? ನಲವತ್ತು ವರ್ಷದಲ್ಲಿ ಒಬ್ಬ ರಿಪಬ್ಲಿಕನ್ ನಿನ್ನ ಹುಲ್ಲಿನ ಮೇಲೆ ನಿಂತಿದ್ದುಂಟಾ? ಅದನ್ನ ನಂಬ್ಕೊಂಡು ಮಾನ ಮರ್ಯಾದೆ ಬಿಟ್ಟು ಪಕ್ಷ ಬದಲಾಯಿಸಿದೆ ಮಾರಾಯ್ತಿ! ಆಚೆ ದಡದ ಹೋಟ್ಲಿಗೆ ನಾನೂ ನಡ್ಕೊಂಡೇ ಹೋಗೋದು!”

“ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ನೀನು ಹೇಳಿದ್ರೆ ನಿಂದೇನು ಹೋಗ್ತಿತ್ತು?”

ಈಗ ಪಕ್ಷ ಬದಲಿಸಲು ಆಗದೆಂದು ಡಾರ್ಲಾ ಹೇಳಿದಳು. ಕ್ಲೈಡ್ ಸಿಟ್ಟಿನಲ್ಲಿ ಮತ್ತೆ ಮರೆಗೆ ಹೋದ. ಒಳಗೆ ಅವನ ಪೆನ್ನು ಬಹಳ ಹೊತ್ತು ಕಿರುಗುಟ್ಟಿತು.

ಆ ಸಂಜೆ ಮಿಲಾ ಉಣ್ಣಲಿಲ್ಲ. ಕ್ಲೈಡ್‌ನ ಆ ಒಂದು ಮತ ಮರ್ಲ್‌ಗೆ ತಪ್ಪಿತಲ್ಲ ಎಂದುಕೊಳ್ಳುತ್ತ ಫೋನಿನ ಪಕ್ಕದಲ್ಲೇ ಕುಳಿತಳು. ಎಂಟೂವರೆಗೆ ಸ್ಟೆಲ್ಲಾಳ ಫೋನು ಬಂತು: ಹೋಸ್ಟೆಟರ್ ಎಂಬತ್ತಮೂರು, ಮರ್ಲ್ ಎಂಬತ್ತನಾಲ್ಕು. “ಆ ಒಂದು ಮತ ನಂದೇ!” ಎಂದು ಸ್ಟೆಲ್ಲಾ ಕಿರುಚಿದಳು. ಮರುದಿನದಿಂದ ಓಣಿಯ ಹನ್ನೆರಡೂ ಜನ ಆ ಒಂದು ಮತ ತಮ್ಮದೇ ಎನ್ನತೊಡಗಿದರು. ಮಿಲಾ ಫೋಟೋವನ್ನು ನೇರ ಮಾಡಿದಳು. ಮೈಕೊ ಮೊದಲಿನ ಹಾಗೇ ನಗುತ್ತಿದ್ದ.

ಜೂನ್‌ನಲ್ಲಿ, ಪಕ್ಷಕ್ಕೆ ಮರಳುವ ಅರ್ಜಿಯನ್ನು ಅವಳು ಮೇಜಿನ ಮೇಲೆ ಹರಡಿಕೊಂಡ ದಿನವೇ ಕ್ಲೈಡ್ ಜಾಲರಿ ಬಾಗಿಲ ಹೊರಗೆ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಜಿಲ್ಲಾ ಚುನಾವಣಾ ಕಚೇರಿಯ ಕಾಗದ.

“ಅವತ್ತು ಸಿಟ್ಟಲ್ಲಿ ಎಲ್ಲಾ ಖಾಲಿ ಗೆರೆ ಮೇಲೂ ನನ್ನ ಹೆಸರೇ ಬರೆದಿದ್ದೆ. ನ್ಯಾಯಾಧೀಶನ ಜಾಗಕ್ಕೂ ಬರೆದೆ, ಅದು ಬರಲಿಲ್ಲ. ಇದು ಬಂತು.”

ಮಿಲಾ ಓದಿದಳು. ಡೆಮಾಕ್ರಟ್ ಪಕ್ಷದ ಸ್ಥಳೀಯ ಸಮಿತಿ ಸದಸ್ಯನಾಗಿ, ಚಲಾವಣೆಯಾದ ಒಂದು ಮತದಲ್ಲಿ ಒಂದನ್ನೂ ಪಡೆದು, ಕ್ಲೈಡ್ ಅಂಬ್ರೋಸ್ ಆಯ್ಕೆಯಾಗಿದ್ದ.

“ಅದು ನನ್ನ ಜಾಗ! ರಾಜೀನಾಮೆ ಬರೆದುಕೊಡು.”

“ಅದು ಹೇಗಾಗತ್ತೆ? ಜನ ನನ್ನ ಆರಿಸಿದಾರೆ.”

“ಯಾವ ಜನವೋ?”

“ಜನ ಅಂದ್ರೆ ಜನ.” ಕ್ಲೈಡ್ ಕಾಲರು ಸರಿ ಮಾಡಿಕೊಂಡ. “ಎಪ್ಪತ್ತಮೂರು ವರ್ಷಕ್ಕೆ ಏನೋ ಒಂದು ಗೆದ್ದಿದೀನಿ ಮಿಲಾ. ಇಷ್ಟಕ್ಕೂ ಈ ಓಣೀಲಿ ಈಗ ಇರೋ ಡೆಮಾಕ್ರಟ್ ನಾನೊಬ್ಬನೇ. ಮನೆಮನೆಗೆ ಹೋಗಿ ಜನರನ್ನ ಪಕ್ಷಕ್ಕೆ ಸೇರಿಸಬೇಕಂತೆ. ನಿನ್ನಿಂದಲೇ ಶುರು ಮಾಡೋಣ ಅಂತ ಬಂದೆ.”

ಮಿಲಾ ಮೇಜಿನ ಮೇಲಿನ ಅರ್ಜಿಯನ್ನು ನೋಡಿದಳು, ಆಮೇಲೆ ಅದರ ಮೇಲೆ ಬೆಣ್ಣೆಯ ತಟ್ಟೆ ಎಳೆದಿಟ್ಟಳು.

“ನಮ್ಮದು ರಿಪಬ್ಲಿಕನ್ನರ ಮನೆ ಕಣಪ್ಪ. ನೀನು ಬಂದ ದಾರಿ ಹಿಡಿ.”

“ಎರಡು ಮಾತು ಕೇಳು ಮೊದಲು. ಕಾರ್ಮಿಕರ ಪಿಂಚಣಿ ವಿಷಯ ಇದೆಯಲ್ಲ...”

ಅವನು ಅಂಗೈ ಮೇಲೆ ಬರೆದುಕೊಂಡದ್ದನ್ನು ನೋಡಿ ನೋಡಿ ಓದುತ್ತಿದ್ದ, ಎಲ್ಲಾ ತಪ್ಪು ತಪ್ಪಾಗಿ. ಮಿಲಾ ಮೂರು ಸಲ ತಿದ್ದಿದಳು. ನಾಲ್ಕನೆಯ ಸಲಕ್ಕೆ ಬಾಗಿಲು ತೆರೆದು, “ಒಳಗೆ ಬಂದು ಕೂತ್ಕೋ. ಮೊದಲಿಂದ ಹೇಳು,” ಎಂದು ಫ್ರೀಜರಿನಿಂದ ಪಿರೋಗಿ ಚೀಲ ತೆಗೆದಳು. ಅದರ ಅಡಿಗೆ ಅಂಟಿಕೊಂಡು ಬಂದೂಕು ಸಂಘದವರ ಕಾಗದವೂ ಬಂತು.

“ಓಹೋ, ದೇಶಭಕ್ತ ಸೋದರಿ!” ಎಂದ ಕ್ಲೈಡ್.

“ಬಾಯಿ ಮುಚ್ಕೊಂಡು ಪಿಂಚಣಿ ಹೇಳು,” ಎಂದು ಮಿಲಾ ನೀರು ಕುದಿಯಲಿಟ್ಟಳು.