ನಾಟಕಕ್ಕೆ ಎರಡು ಕೊನೆ

ನಮ್ಮ ಮನೆಯಲ್ಲಿ ಕಂಪ್ಯೂಟರು ಒಂದೇ, ಅದರೊಳಗೆ ಸಂಸಾರ ಎರಡು. ಆನ್ ಮಾಡಿದ ಕೂಡಲೇ ವಿಂಡೋಸ್ ಬೇಕೋ ಲಿನಕ್ಸ್ ಬೇಕೋ ಎಂದು ಕೇಳುತ್ತದೆ. ವಿಂಡೋಸ್ ನಮ್ಮವರದು. ಲಿನಕ್ಸ್ ನನ್ನದು, ಅದರಲ್ಲಿ ಕನ್ನಡ ಟೈಪು ಮಾಡುವುದನ್ನು ಅಕ್ಕನ ಮಗ ಸಮಿತ್ ಕಲಿಸಿಕೊಟ್ಟಿದ್ದ. ಆದರೆ ಪ್ರಿಂಟರು ವಿಂಡೋಸಿನ ಮಾತು ಮಾತ್ರ ಕೇಳುತ್ತದೆ. ಹಾಗಾಗಿ ನಾನು ಬರೆದದ್ದನ್ನು ಎರಡಕ್ಕೂ ಕಾಣುವ ಜಾಗದಲ್ಲಿ ಇಡುವುದು, ನಮ್ಮವರು ಪ್ರಿಂಟ್ ತೆಗೆದುಕೊಡುವುದು ರೂಢಿ.

೨೦೧೩ರಲ್ಲಿ ಡೊಂಬಿವ್ಲಿಯ ನಮ್ಮ ಮಹಿಳಾ ಮಂಡಲದ ನಾಟಕ ನಾನೇ ಬರೆದೆ. ಮೊದಲು ಬರೆದಾಗ ಕೊನೆಯಲ್ಲಿ ನಾಯಕಿ ಗಂಡನ ಕ್ಷಮೆ ಕೇಳಿ ಮನೆಗೆ ಮರಳುತ್ತಿದ್ದಳು. ನಮ್ಮವರು ಓದಿ ಬಹಳ ಮೆಚ್ಚಿದರು. ನನಗೆ ಮಾತ್ರ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗಾಗಿತ್ತು. ತಪ್ಪೇ ಮಾಡದವಳು ಕ್ಷಮೆ ಯಾಕೆ ಕೇಳಬೇಕು? ಆ ದೃಶ್ಯವನ್ನು ಬದಲಿಸಿದೆ.

ರಿಹರ್ಸಲಿನಲ್ಲಿ ಪ್ರಿಂಟ್ ಹಂಚಿ ನೋಡಿದರೆ ಅವಳು ಮತ್ತೆ ಕ್ಷಮೆ ಕೇಳುತ್ತಿದ್ದಾಳೆ. ನನಗೆ ಮೈಯೆಲ್ಲ ಉರಿಯಿತು. ಪ್ರಿಂಟ್ ತೆಗೆದ ನಮ್ಮವರೇ ಬದಲಿಸಿದ್ದೆಂದು ಎಲ್ಲರೆದುರೇ ಅಂದುಬಿಟ್ಟೆ. ನನ್ನನ್ನು ಬಿಡಲು ಬಂದಿದ್ದ ಅವರು ನಕ್ಕರು.

"ಸೇವ್ ಮಾಡ್ಲಿಕ್ಕೆ ಮರ್ತದ್ದು ನೀನು. ಗೊತ್ತಿಲ್ಲದ್ದಕ್ಕೆ ಕೈ ಹಾಕಿದ್ರೆ ಹೀಗೇ ಆಗುದು ಮಾರಾಯ್ತಿ."

ಹೆಂಗಸರೂ ನಕ್ಕರು. ಮಂಡಲದ ಕಾರ್ಯದರ್ಶಿ ವಾರಿಜಾ, ಇದೇ ಚೆನ್ನಾಗಿದೆ, ಇದನ್ನೇ ಆಡೋಣ ಎಂದರು. ನನ್ನ ನಾಟಕ, ನನ್ನನ್ನೇ ಕೇಳುವವರಿಲ್ಲ.

ಮನೆಗೆ ಬಂದು ಲಿನಕ್ಸಿನಲ್ಲಿ ತೆರೆದು ತೋರಿಸಿದೆ. ಹೊಸ ದೃಶ್ಯ ಅಲ್ಲೇ ಇತ್ತು. ಅವರು ವಿಂಡೋಸಿನಲ್ಲಿ ತೆರೆದು ತೋರಿಸಿದರು. ಹಳೆಯದೇ ಇತ್ತು. ಅದೇ ಫೈಲು, ಅದೇ ಹೆಸರು. ಇಬ್ಬರೂ ದೇವರ ಮೇಲೆ ಆಣೆ ಹಾಕಬಹುದಿತ್ತು.

ಪಕ್ಕದ ಠಾಕುರ್ಲಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಲೋಕನಾಥ ಬಂದ ಮೇಲೆ ಗುಟ್ಟು ರಟ್ಟಾಯಿತು. ವಿಂಡೋಸ್ ನಿಧಾನವೆಂದು ನಮ್ಮವರು ಅವನಿಂದ ಎಸ್‌ಎಸ್‌ಡಿ ಎಂಬ ಒಂದು ಪುಟ್ಟ, ವೇಗದ ಡಿಸ್ಕು ಹಾಕಿಸಿದ್ದರು, ನನಗೊಂದು ಮಾತೂ ಹೇಳದೆ. ಪದೇ ಪದೇ ಬೇಕಾಗುವುದರ ನಕಲನ್ನು ಅದು ಹಾರ್ಡ್‌ಡಿಸ್ಕಿನಿಂದ ತೆಗೆದಿಟ್ಟುಕೊಂಡು ವಿಂಡೋಸಿಗೆ ಬೇಗ ಕೊಡುತ್ತದಂತೆ. ಲಿನಕ್ಸ್ ಹಾರ್ಡ್‌ಡಿಸ್ಕಿನಲ್ಲಿ ಹೊಸತು ಬರೆದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಠಾಣೆ ಪಟ್ಟಣದಲ್ಲಿ ಹೋಟೆಲ್ ನಡೆಸುವ ನಮ್ಮವರಿಗೆ ಅವನು ಅವರದೇ ಭಾಷೆಯಲ್ಲಿ ಹೇಳಿದ.

"ಒಳಗೆ ಭಟ್ರು ಹೊಸ ಸಾಂಬಾರು ಮಾಡಿದ್ರೂ ಕೌಂಟರಿನವ ಬೆಳಗಿನ ಪಾತ್ರೆಯಿಂದಲೇ ಬಡಿಸಿದ ಹಾಗೆ ಅಣ್ಣ."

ಹಾಗಾದರೆ ಆ ಲಿನಕ್ಸನ್ನೇ ತೆಗೆದುಬಿಡು ಎಂದರು ನಮ್ಮವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹಳಸಿದ್ದನ್ನು ಬಡಿಸಿದವನು ಕೌಂಟರಿನಲ್ಲಿ, ಕೆಲಸ ಹೋಗುವುದು ಭಟ್ಟರದು. ಲೋಕನಾಥನೂ ತಲೆಯಾಡಿಸಿ ಮೌಸಿಗೆ ಕೈ ಹಾಕಿದ.

"ನನ್ನನ್ನು ಕೇಳದೆ ಹಾಕಿದ್ದು ಯಾವುದೋ, ಅದನ್ನು ತೆಗಿ," ಎಂದೆ.

ಅವನು ನಮ್ಮವರ ಮುಖ ನೋಡಿದ. ನಾನು ಇಬ್ಬರ ನಡುವೆ ಕುರ್ಚಿ ಎಳೆದು ಕೂತೆ. ಆಮೇಲೆ ಲೋಕನಾಥ ಎಸ್‌ಎಸ್‌ಡಿ ನಕಲು ಇಟ್ಟುಕೊಳ್ಳುವುದನ್ನೇ ನಿಲ್ಲಿಸಿದ.

ವಿಂಡೋಸ್ ಹಿಂದಿನಂತೆ ಏದುಸಿರು ಬಿಡುತ್ತ ಎದ್ದಿತು. ನಮ್ಮವರು ಫೈಲು ತೆರೆದು ನನ್ನ ಕೊನೆಯ ದೃಶ್ಯವನ್ನು ಮೊದಲ ಸಲ ಪೂರ್ತಿ ಓದಿದರು.

"ಕಡೆಯವರೆಗೂ ಇವಳು ಕ್ಷಮೆ ಕೇಳುದೇ ಇಲ್ವಾ?"

"ಇಲ್ಲ. ಕೇಳ್ಬೇಕಾದವರು ಇನ್ನೂ ಬಾಯಿ ಬಿಡ್ಲಿಲ್ಲ."

ಅವರು ಲೋಕನಾಥ ಹೋಗುವುದನ್ನೇ ಕಾದು, ಬಾಗಿಲು ಹಾಕಿ, ಮೆಲ್ಲಗೆ ತಪ್ಪಾಯಿತು ಎಂದರು.

"ಇಲ್ಲಿ ಅಲ್ಲ," ಎಂದು ನಾನು ಪ್ರಿಂಟರಿಗೆ ಕಾಗದ ತುಂಬಿದೆ. "ನಕ್ಕದ್ದು ಎಲ್ಲಿಯೋ, ಅಲ್ಲಿಗೇ ಬಂದು ಹೇಳಿ."