ಮೀನಖಂಡದ ಪಂಪು

ಸಿಂದಗಿಯ ಸುತ್ತ ಯಾರ ಪಂಪಸೆಟ್ ಕೆಟ್ಟರೂ ಮಹಮ್ಮದಹನೀಫನನ್ನೇ ಕರೆಯುತ್ತಾರೆ. ಹೆಂಡತಿ ರಮಜಾನಬಿಯ ಕಾಲು ಬಾತು, ಕಣಕಾಲಿನ ಚರ್ಮ ಕಪ್ಪಾದಾಗಲೂ ಅವನಿಗೆ ಹೊಳೆದದ್ದು ತನ್ನ ಕಸುಬೇ. ಅವಳ ಹೊಲಿಗೆ ಯಂತ್ರಕ್ಕೆ ಮೋಟರು ಕೂಡಿಸಿದ.

"ಇನ್ನ ನೀ ಕಾಲ ಹಂದಸಬ್ಯಾಡ. ರಾಣಿಗತೆ ಕುಂದ್ರು."

ಕೊಡ, ಸಂತೆಯ ಚೀಲ ಎಲ್ಲವನ್ನೂ ತಾನೇ ಹೊತ್ತ. ಅವಳು ವರ್ಷವಿಡೀ ರಾಣಿಯಾಗಿ ಕೂತಳು. ಮೊದಲು ಪೆಡಲು ತುಳಿಯುತ್ತ ಕೂತರೆ ಮನಸ್ಸು ಎಲ್ಲೆಲ್ಲೋ ಅಡ್ಡಾಡಿ ಬರುತ್ತಿತ್ತು. ದಿನದಲ್ಲಿ ಅವಳದೇ ಅನ್ನುವ ಹೊತ್ತು ಅದೊಂದೇ. ಮೋಟರು ಗುರ್ರೆಂದು ಬಟ್ಟೆ ಎಳೆದುಕೊಂಡು ಓಡುವಾಗ ಮನಸ್ಸಿಗೆ ಜಾಗವೇ ಇರಲಿಲ್ಲ. ಹೇಳಿದರೆ ಅವನು ನೊಂದಾನೆಂದು ಹೇಳಲಿಲ್ಲ. ಕಾಲು ಮಾತ್ರ ಇನ್ನೂ ಭಾರವಾಯಿತು. ಡಾಕ್ಟರು ಹೊಲಿಗೆಯನ್ನೇ ಬಿಡಿಸಿಬಿಟ್ಟರೆ ಎಂಬ ಹೆದರಿಕೆಯಲ್ಲೇ ಗಂಡನ ಜೊತೆ ವಿಜಯಪುರದ ಬಸ್ಸು ಹತ್ತಿದಳು.

ಡಾಕ್ಟರ್ ಪ್ರಿಯದರ್ಶಿನಿ ಚುಚ್ಚಲಿಲ್ಲ, ಕೊಯ್ಯಲಿಲ್ಲ. ಕಣಕಾಲಿನ ಮೇಲೆ ಸಣ್ಣ ಬಿಲ್ಲೆಯೊಂದನ್ನು ಅಂಟಿಸಿ, ಅದರ ತಂತಿಯನ್ನು ಪರದೆಯಿದ್ದ ಯಂತ್ರಕ್ಕೆ ಜೋಡಿಸಿದರು.

"ಹಿಮ್ಮಡ ನೆಲಕ್ಕ ಇರ್ಲಿ. ಮುಂಗಾಲ ಎತ್ರಿ, ಇಳಸ್ರಿ."

ಕಾಲಿನಲ್ಲಿ ನಿಂತ ರಕ್ತವನ್ನು ತೋರಿಸುವ ಗೆರೆ ಪರದೆಯ ಮೇಲೆ ತುಸುವೇ ಇಳಿಯಿತು. ಕಾಲು ನಿಲ್ಲಿಸಿದ್ದೇ ತಡ, ಸರ್ರನೆ ಮೇಲೇರಿತು.

"ಮೀನಖಂಡ ರಕ್ತಾನ ಮ್ಯಾಲ ದೂಡೂ ಪಂಪ್ ಇದ್ದಂಗ್ರಿ," ಅಂದರು ಡಾಕ್ಟರು. "ನರದಾಗಿನ ವಾಲ್ವ್ ಸೋರಾಕತ್ತಾವ, ರಕ್ತ ತಿರುಗಿ ಕೆಳಗ ಬರ್ತೈತಿ. ಅದರ ಮ್ಯಾಲ ಪಂಪೂ ಸೊರಗೈತಿ."

"ಬಾವಿ ಪಂಪಿನ ಫುಟ್‌ವಾಲ್ ಲೀಕ್ ಆದಂಗ ಅನ್ರಿ," ಹನೀಫ ಮುಂದೆ ಬಾಗಿದ. "ಆದ್ರ ಪಂಪ್ ಹೆಂಗ ಸೊರಗೀತ್ರಿ ಮೇಡಂ? ಒಂದಿನಾನೂ ಕೆಲಸ ಹಚ್ಚಿಲ್ಲ. ಮಿಷನ್ನಿಗೂ ಮೋಟರ್ ಕೂಡಿಸೇನಿ."

"ವರ್ಷಗಟ್ಲೆ ಬಂದ್ ಇಟ್ಟ ಪಂಪ್ ಏನಾಗ್ತೈತ್ರಿ?"

"ಜಾಮ್..." ಅಂದವನ ಕಣ್ಣು ಹೆಂಡತಿಯ ಕಾಲಿನ ಮೇಲೆ ನಿಂತಿತು.

ರಮಜಾನಬಿ ಧೈರ್ಯ ಮಾಡಿ ಕೇಳಿದಳು, "ಹೊಲಿಗಿ ಬಿಡಬೇಕೇನ್ರಿ?"

"ಯಾಕ್ರಿ? ಕಾಲಿಗಿ ಬಿಗಿ ಪಟ್ಟಿ ಸುತ್ತಿ ಕೊಡ್ತೇನಿ, ದಿನಾ ಅಡ್ಡಾಡ್ರಿ. ಮೋಟರ್ ತಗಸ್ರಿ, ಕಾಲಿಲೇ ತುಳೀರಿ."

ಅವಳಿಗೆ ಎದ್ದು ನಗಬೇಕೆನಿಸಿತು. ಗಂಡನ ಮುಖ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಊರಿಗೆ ಮರಳುವ ಬಸ್ಸು ದೇವರಹಿಪ್ಪರಗಿ ದಾಟಿದಾಗ ಅವನು ಅವಳತ್ತ ತಿರುಗಿದ.

"ಮೋಟರ್ ತಗಸ್ರಿ ಅಂದಾಗ ನೀ ನಗು ತಡಕೊಂಡಿದ್ದ ನೋಡೇನಿ. ಬ್ಯಾಡ ಅಂತ ಒಂದ ಮಾತ ಅಂದಿದ್ರ ಏನಾಗ್ತಿತ್ತ ನಿಂಗ?"

"ಹೆಂಗ ಅನ್ಲಿ? ಅದನ್ನ ಚಾಲೂ ಮಾಡಿದ ದಿನ ಓಣಿ ಮಂದಿಗೆಲ್ಲ ಚಹಾ ಕುಡಿಸಿದ್ರಿ."

"ಪಂಪ್ ಬಂದ್ ಇಡಬ್ಯಾಡ್ರೋ ಅಂತ ರೈತರಿಗಿ ದಿನಾ ಬೈತೇನಿ. ಮನ್ಯಾಂದೇ ಬಂದ್ ಇಟ್ನಲ್ಲ!"

"ಇರ್ಲಿ ಬಿಡ್ರಿ. ಕೊಡ ಮಾತ್ರ ನೀವ ಹೊರ್ರಿ. ಅದನ್ನೇನ ಡಾಕ್ಟರ್ ಬ್ಯಾಡ ಅಂದಿಲ್ಲ."

ಅವನಿಗೆ ನಗು ತಡೆಯಲಾಗಲಿಲ್ಲ.

ಮನೆಗೆ ಬಂದವನು ಅಂಗಿ ಸಹ ಬದಲಿಸದೆ ಮೋಟರು ಕಳಚಿ, ಪೆಡಲಿನ ಚಕ್ರಕ್ಕೆ ಬೆಲ್ಟು ಏರಿಸಿದ. ಅವಳು ಕೂತು ತುಳಿದಳು. ಚಕ್ರ ಹಿಂದಕ್ಕೆ ತಿರುಗಿ ದಾರ ಹರಿಯಿತು. ಮತ್ತೆ ಪೋಣಿಸಿ ತುಳಿದಾಗ ಕಾಲಿಗೆ ಹದ ಸಿಕ್ಕಿತು. ಹನೀಫ ನೆಲಕ್ಕೆ ಕೂತು, ಪಂಪಿನ ಮೈ ಮುಟ್ಟಿ ನೋಡುವ ಹಾಗೆ ಅವಳ ಮೀನಖಂಡಕ್ಕೆ ಅಂಗೈ ಹಚ್ಚಿದ.

"ಬಾಗಿಲಾ ತಗದೈತ್ರಿ!"

"ಇರ್ಲಿ. ರಿಪೇರಿ ಕೆಲಸ ನಡದೈತಿ," ಅಂದ. ಕೈ ತೆಗೆಯಲಿಲ್ಲ. ಅವಳೂ ತುಳಿಯುವುದನ್ನು ನಿಲ್ಲಿಸಲಿಲ್ಲ.