ಕೊನೆಯ ವರ್ಷದ ಮೆಟ್ಟಿಲುಗಳು

"ಹನ್ನೊಂದು," ಎಂದರು ಸರ್ವಮಂಗಳಮ್ಮ.

"ಆಮೇಲೆ?"

"ಮತ್ತೂ ಹನ್ನೊಂದೇ. ಮುಗೀತು ಕಣೆ."

ನಂದಿತಾ ಎರವಲು ತಂದ ಲ್ಯಾಪ್‌ಟಾಪಿನಲ್ಲಿ ಕೊನೆಯ ಅಂಕಿಯನ್ನು ಒತ್ತಿದಳು. ಅವಳ ತಂದೆ ಮರಿಸ್ವಾಮಿ ಮೇಷ್ಟ್ರು ದಿನವೂ ಬೆಳಿಗ್ಗೆ ಕಪಿಲೆಯಲ್ಲಿ ಮಿಂದು ಬಂದು, ಸ್ನಾನಘಟ್ಟದಲ್ಲಿ ನೀರಿನ ಮೇಲೆ ಎಷ್ಟು ಮೆಟ್ಟಿಲು ಕಾಣುತ್ತಿದ್ದವೆಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದರು. ಇಪ್ಪತ್ತು ವರ್ಷ ಬರೆದರು. ಅವರು ಶಿವನ ಪಾದ ಸೇರಿ ಎಂಟು ತಿಂಗಳಾಗಿತ್ತು. ಹದಿನೈದು ದಿನದಿಂದ ತಾಯಿ ಓದುತ್ತಿದ್ದರು, ಮಗಳು ಬರೆದುಕೊಳ್ಳುತ್ತಿದ್ದಳು. ಒಂದೊಂದು ಅಂಕಿಗೂ ಒದ್ದೆ ಪಂಚೆ ಕಾಲಿಗೆ ಬಡಿಯುವ ಸಪ್ಪಳ ಸರ್ವಮಂಗಳಮ್ಮನಿಗೆ ಕೇಳಿಸುತ್ತಿತ್ತು. ನಡುಮನೆಯೊಳಗೇ ಹೊಳೆ ಏರಿ ಇಳಿದಂತಾಗುತ್ತಿತ್ತು. ಈ ಕೊನೆಯ ಪುಸ್ತಕಕ್ಕೆ ಬಂದ ಮೇಲೆ ಮಾತ್ರ ಅವರ ದನಿ ಇಳಿದಿತ್ತು.

ಪಿಎಚ್‌.ಡಿ. ಮುಗಿಸಿದ ನಂದಿತಾ ಮೂರು ಕಡೆ ಸಂಶೋಧನೆಯ ಕೆಲಸಕ್ಕೆ ಅರ್ಜಿ ಹಾಕಿದ್ದಳು. ದತ್ತಾಂಶ ವಿಶ್ಲೇಷಣೆಯ ಅನುಭವ ಸಾಲದೆಂದು ಮೂರು ಕಡೆಯೂ ಬೇಡವೆಂದಿದ್ದರು. ಈಗ ಪುಣೆಯ ಒಂದು ಸಂಸ್ಥೆ ನದಿಗಳ ಅಧ್ಯಯನಕ್ಕೆ ಪೋಸ್ಟ್‌ಡಾಕ್ ಹುದ್ದೆ ಕರೆದಿತ್ತು. ತಾನೇ ವಿಶ್ಲೇಷಿಸಿದ ಅಂಕಿಅಂಶವೊಂದನ್ನು ಅರ್ಜಿಯೊಡನೆ ಕಳಿಸಬೇಕಿತ್ತು. ನಾಳೆಯೇ ಕಡೆಯ ದಿನ.

"ನೋಡವ್ವ, ಗ್ರಾಫಲ್ಲಿ ಕೊನೇ ವರ್ಷದ ಗೆರೆ ಎಷ್ಟು ನೀಟಾಗಿ ಬಂದದೆ! ಇಪ್ಪತ್ತು ವರ್ಷ, ಒಂದು ದಿನಾನೂ ತಪ್ಪಿಲ್ಲ ಅಂತ ಬರ್ದಿದೀನಿ. ಇಂಥಾದ್ದು ಇನ್ಯಾರ ತಾವ ಅದೆ ಹೇಳು?"

ಸರ್ವಮಂಗಳಮ್ಮ ಪುಸ್ತಕ ಮುಚ್ಚಿದರು. "ಅದೊಂದು ವರ್ಷ ಬುಟ್ಬುಡು ಮಗ."

"ಯಾಕೆ?"

"ಅಪ್ಪಾಜಿ ಹಾಸಿಗೆ ಹಿಡಿದ್ಮೇಲೆ ಮೆಟ್ಲು ನೋಡ್ಕೊಂಡ್ ಬಾ ಅಂತ ದಿನಾ ನನ್ನ ಕಳಿಸೋರಲ್ಲ, ನಾ ಹೊಳೆಗೆ ಹೋಗ್ಲೇ ಇಲ್ಲ. ಅವರೊಬ್ರನ್ನೇ ಹೆಂಗ್ ಬುಟ್ಟೋಗ್ಲಿ? ಬಾಗಿಲಾಚೆ ನಲ್ಲೀಲಿ ಕಾಲು ನೆನೆಸ್ಕೊಂಡು, ಒಸಿ ಹೊತ್ತು ನಿಂತಿದ್ದು ಒಳಕ್ ಬತ್ತಿದ್ದೆ. ಬಾಯಿಗ್ ಬಂದದ್ದ ಹೇಳ್ತಿದ್ದೆ. ಅವ್ರು ಬರ್ಕೊಳೋರು."

"ಅಪ್ಪಾಜಿಗೆ ಸುಳ್ಳು ಹೇಳಿದ್ಯಾ? ಎರಡೊತ್ತು ಪೂಜೆ ಮಾಡೋಳು ನೀನು!"

"ಅವ್ರು ಹೊಳೆ ಕೇಳೋರು ಕಣೆ. ಕೊಡ್ದೆ ಹೆಂಗಿರ್ಲಿ?"

ನಂದಿತಾ ಪರದೆಯ ಕಡೆ ತಿರುಗಿದಳು. "ಪುಣೆಯೋರ್ಗೆ ಏನ್ ಗೊತ್ತಾಯ್ತದೆ ಅವ್ವ?"

"ಏನೂ ಗೊತ್ತಾಗಕಿಲ್ಲ. ನಿಮ್ಮಪ್ಪಾಜಿಗೂ ಗೊತ್ತಾಗ್ಲಿಲ್ಲ."

ನಂದಿತಾ ಕೊನೆಯ ಪುಸ್ತಕವನ್ನು ಎಳೆದುಕೊಂಡು ತೆರೆದಳು. ನಡುಗುವ ಅಕ್ಷರ, ಆದರೂ ಒಂದು ತಾರೀಖನ್ನೂ ಬಿಟ್ಟಿರಲಿಲ್ಲ. ಪರದೆಯಿಂದ ಆ ವರ್ಷವನ್ನೆಲ್ಲ ಅಳಿಸಿದಳು. ಗೆರೆ ಅಂಚು ಮುಟ್ಟುವ ಮೊದಲೇ ನಿಂತಿತು. ಮುಂದೆ ಬರೀ ಬಿಳುಪು. ಪತ್ರದಲ್ಲಿ ಇಪ್ಪತ್ತನ್ನು ಹತ್ತೊಂಬತ್ತೆಂದು ತಿದ್ದಿದಳು.

ಬೆಳಿಗ್ಗೆ ಅರ್ಜಿ ಕಳಿಸಲು ಪೇಟೆಗೆ ಹೊರಟವಳಿಗೆ ತಾಯಿ ಮನೆಯಲ್ಲಿ ಕಾಣಲಿಲ್ಲ. ಬೀದಿಯ ತುಂಬ ಹೊಳೆಯ ಕಡೆಯಿಂದ ಬಂದ ಮಂಜು. ಸ್ವಲ್ಪ ಹೊತ್ತಿಗೆ ಆ ಮಂಜಿನೊಳಗಿಂದಲೇ ಸರ್ವಮಂಗಳಮ್ಮ ಮೂಡಿ ಬಂದರು. ನಲ್ಲಿಯ ಬಳಿ ನಿಲ್ಲದೆ ನೇರ ಒಳಗೆ ಹೋದರು.

"ಎಷ್ಟವ್ವ?"

"ಹದಿಮೂರು."

ಬಾಗಿಲಿನಿಂದ ಬರಿದಾದ ಮಂಚದವರೆಗೆ ಕೆಂಪು ನೆಲದ ಮೇಲೆ ಒದ್ದೆ ಹೆಜ್ಜೆಗಳು. ಒಂದೊಂದರಲ್ಲೂ ಚಿಟಿಕೆಯಷ್ಟು ಮರಳು.